ಕೇಬಲ್ ಸರಿ ಇದೆ

ನಾನು ನಿವೃತ್ತಳಾದ ದಿನ ಹೊಸದಾಗಿ ಸೇರಿದ ಇಂಜಿನಿಯರ್ ಒಬ್ಬರು ಮೈಕ್ ಹಿಡಿದು, "ವಸಂತಾ ಮೇಡಂ ಅವರ ಕಾಲದಲ್ಲಿ ಕೆಲಸ ಸುಲಭ ಇತ್ತು. ಕೇಬಲ್ಲಿನ ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ತುದಿ ಪ್ರಿಂಟರಿಗೆ ಸಿಕ್ಕಿಸಿದರೆ ಮುಗೀತು" ಎಂದರು. ಸಭೆ ನಕ್ಕಿತು. ನಾನು ನಗಲಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ತಗೊಂಡು ಮನೆಗೆ ಬಂದೆ. ಮರುದಿನ ಈ ಬರವಣಿಗೆಗೆ ಕೂತೆ.

ಸುಲಭವಂತೆ! ಹೊಸಪೇಟೆಯಲ್ಲಿ ಕಂಪ್ಯೂಟರ್ ಎಂಬ ಪದಾರ್ಥ ಕಾಲಿಟ್ಟಾಗ ಅದನ್ನು ನೋಡುವುದಕ್ಕೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು. ಅದರ ಮೇಲೆ ಕಸೂತಿ ಹಾಕಿದ ಬಟ್ಟೆ, ಪಕ್ಕದಲ್ಲಿ ಊದುಬತ್ತಿ. ನಾನು ಬಳ್ಳಾರಿಯಲ್ಲಿ ಡಿಪ್ಲೊಮಾ ಮುಗಿಸಿ, ಎಂಬತ್ತರ ದಶಕದ ಕೊನೆಯಲ್ಲಿ, ಕಂಪ್ಯೂಟರ್ ಮಾರಿ ರಿಪೇರಿ ಮಾಡುವ ಅಂಗಡಿಯೊಂದಕ್ಕೆ ಸೇರಿದೆ. ಮಾಲೀಕರು ಮೂರ್ತಿಯವರು. ಹಣೆಯ ಮೇಲೆ ನಾಮ, ಜೇಬಿನಲ್ಲಿ ಟೆಸ್ಟರ್. ಒಳ್ಳೆಯವರು, ಆದರೆ ಯಾವ ಆಫೀಸರು ಗಂಟಲು ಸರಿಪಡಿಸಿಕೊಂಡರೂ ಎದ್ದು ನಿಲ್ಲುವವರು. ಅವರು ನನಗೆ ಎರಡು ಪಾಠ ಕಲಿಸಿದರು. ಮೊದಲನೆಯದು, ಪ್ರಿಂಟರಿನ ದಪ್ಪ ಕೇಬಲ್ಲು ಹತ್ತು ಅಡಿ ದಾಟಬಾರದು. ಎರಡನೆಯದು, ಕೆಲಸ ಮುಗಿದ ಮೇಲೆ ಚೀಟಿಯ ಮೇಲೆ "ಸರಿ ಇದೆ" ಎಂದು ಬರೆದು ಸಹಿ ಮಾಡಿ ಬರಬೇಕು. ಈ ಎರಡರಲ್ಲಿ ಮೊದಲನೆಯದನ್ನು ಮುರಿದು ಎರಡನೆಯದನ್ನು ಪಾಲಿಸಿದ್ದರಿಂದ ಆದ ಅನಾಹುತವೇ ಈ ಬರಹದ ಮುಖ್ಯ ಸಂಗತಿ. ಅದಕ್ಕೆ ಆಮೇಲೆ ಬರುತ್ತೇನೆ.

ಲೂನಾ ಗಾಡಿಯ ಮುಂದೆ ಉಪಕರಣದ ಚೀಲ, ಹೆಗಲಿಗೆ ಸುರುಳಿ ಸುತ್ತಿದ ಕೇಬಲ್ಲು. ಊರಿಗೆ ಆಗಷ್ಟೇ ಕೇಬಲ್ ಟೀವಿಯೂ ಬಂದಿತ್ತು. ದಾರಿಯಲ್ಲಿ ಹೆಂಗಸರು ತಡೆದು, "ಕೇಬಲ್ ಅಕ್ಕಾ, ನಮ್ಮನ್ಯಾಗ ಮೂರು ದಿನಾತು ಚಾನೆಲ್ ಬರವಲ್ದು, ಜಲ್ದಿ ಬಂದು ಹೋಗು" ಎನ್ನುತ್ತಿದ್ದರು. ತಿಳಿಹೇಳಿ ಸಾಕಾಗಿ ಎರಡು ಮನೆಗಳ ಟೀವಿಯನ್ನೂ ಸರಿಮಾಡಿಕೊಟ್ಟಿದ್ದೇನೆ. ಹೆಸರು ಮಾತ್ರ ಹಾಗೇ ಉಳಿಯಿತು.

ಸಂಡೂರಿನ ಒಂದು ಗಣಿ ಕಚೇರಿಯಿಂದ ಪ್ರಿಂಟರ್ ಜೋಡಿಸಲು ಕರೆ ಬಂದಿತ್ತು. ಲಾರಿ ತೂಗುವ ಕಟ್ಟೆಯ ಹತ್ತಿರ ಪ್ರಿಂಟರು, ನಲವತ್ತು ಅಡಿ ಆಚೆ ಕಂಪ್ಯೂಟರು. ಅಷ್ಟು ದೂರಕ್ಕೆ ಬೇರೆ ನಮೂನೆಯ ತೆಳು ಕೇಬಲ್ಲು ಬೇಕು, ಅದಕ್ಕೆ ತಕ್ಕ ಪ್ರಿಂಟರೂ ಬೇಕು, ಪುಣ್ಯಕ್ಕೆ ಅವರಲ್ಲಿ ಅದಿತ್ತು. ಕೇಬಲ್ಲಿನ ತುದಿಗಳಲ್ಲಿ ಗಂಡು, ಹೆಣ್ಣು ಎಂದು ಎರಡು ಜಾತಿ. ಪಿನ್ನು ಹೊರಗೆ ಚಾಚಿದ್ದರೆ ಗಂಡು, ತೂತಿದ್ದರೆ ಹೆಣ್ಣು. ಯಾವುದು ಒಯ್ಯಬೇಕೆಂದು ತಿಳಿಯಲು ನಾನು ಫೋನು ಮಾಡಿ ಅಲ್ಲಿಯ ಗುಮಾಸ್ತನನ್ನು ಕೇಳಿದೆ: "ನಿಮ್ಮ ಕಂಪ್ಯೂಟರ್ ಹಿಂದ ಇರೋದು ಗಂಡೋ ಹೆಣ್ಣೋ, ನೋಡಿ ಹೇಳ್ರಿ."

ಗುಮಾಸ್ತ ತಗ್ಗಿದ ದನಿಯಲ್ಲಿ ಹೇಳಿದ: "ಮೇಡಂ, ಇಲ್ಲಿ ಮುಂದೂ ಹಿಂದೂ ಎಲ್ಲಾ ಗಂಡಸ್ರ ಅದೀವ್ರಿ. ಹೆಣ್ಮಕ್ಕಳು ಯಾರೂ ಇಲ್ರಿ."

ನಾನು ಎರಡೂ ಜಾತಿಯನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಅಷ್ಟರಲ್ಲಿ ಕಚೇರಿಗೆಲ್ಲ ಸುದ್ದಿ ಹಬ್ಬಿ, ಏಳೆಂಟು ಜನ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಾಯುತ್ತಿದ್ದರು. ನನ್ನ ಜಾಗದಲ್ಲಿ ಇನ್ನೊಬ್ಬಳಿದ್ದರೆ ಏನು ಮಾಡುತ್ತಿದ್ದಳೋ ಗೊತ್ತಿಲ್ಲ. ನಾನು ಎರಡೂ ತುದಿಯನ್ನು ಮೇಲೆತ್ತಿ, "ಇದು ಗಂಡು, ಇದು ಹೆಣ್ಣು. ನಗೋದು ಮುಗಿದಿದ್ರ ಹೇಳ್ರಿ, ಕೆಲಸ ಸುರು ಮಾಡತೀನಿ" ಎಂದೆ. ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಗುಮಾಸ್ತ ಮಾತ್ರ ನಿಂತು ಟಾರ್ಚು ಹಿಡಿದ.

ಅದೇ ಕಚೇರಿಯಿಂದ ಆಯುಧಪೂಜೆಯ ಮರುದಿನ ಮತ್ತೆ ಕರೆ. ಪ್ರಿಂಟರು ಸತ್ತಂತೆ ಕೂತಿದೆ. ಹೋಗಿ ಹಿಂಬದಿಯ ಕೇಬಲ್ಲು ಕಿತ್ತು ನೋಡಿದರೆ ಒಳಗೆ ಕುಂಕುಮ, ಅರಿಶಿನ, ಅಕ್ಷತೆಯ ಒಂದು ಕಾಳು. ಭಕ್ತಿಯಿಂದ ಕೇಬಲ್ಲು ಬಿಚ್ಚಿ ಪ್ರತಿಯೊಂದು ತೂತಿಗೂ ಒದ್ದೆ ಬೆರಳಿನಿಂದ ಕುಂಕುಮ ಇಟ್ಟಿದ್ದರು! "ದೇವ್ರಿಗೆ ಒಳಗ ಹೊರಗ ಅಂತ ಇರತೈತೇನ್ರೀ ಮೇಡಂ?" ಎಂದ ಗುಮಾಸ್ತ. ಸೂಜಿ ಮತ್ತು ಸ್ಪಿರಿಟ್ ಹಿಡಿದು ಅರ್ಧ ದಿನ ತೊಳೆದೆ. ಕೆಂಪು ಎಲ್ಲಿಯವರೆಗೆ ಕುಂಕುಮ, ಎಲ್ಲಿಂದಾಚೆ ಗಣಿಯ ಧೂಳು ಎಂದು ಆ ಊರಲ್ಲಿ ಯಾರೂ ಹೇಳಲಾರರು.

ಹಂಪಿ ಬಜಾರಿನಲ್ಲಿ ಪ್ರವಾಸಿಗಳಿಗೆ ಟಿಕೆಟ್ಟು ಮಾಡಿಸಿಕೊಡುವ ಅಂಗಡಿಯೊಂದು ಕಲ್ಲು ಮಂಟಪದೊಳಗೇ ಇತ್ತು. ಅಂಗಡಿಯವನು ಕಂಬಕ್ಕೆ ಮೊಳೆ ಹೊಡೆದು ಕೇಬಲ್ಲು ಮೇಲೆ ಹಾಯಿಸಲು ಹೇಳಿದ. ಕೆಳಗಿದ್ದರೆ ಮಂಗಗಳು ಎಳೆಯುತ್ತವೆ ಎಂಬುದು ಅವನ ಸಮಸ್ಯೆ. "ಕಲ್ಲಿಗೆ ಮೊಳೆ ಹೊಡ್ಯಂಗಿಲ್ಲ" ಎಂದೆ. "ಎಲ್ಲರೂ ಹೊಡದಾರ, ನಿಮಗೇನು ಕಷ್ಟ?" ಎಂದು ರೇಗಿದ. ನಾನೂ ರೇಗಿದೆ. ಕೊನೆಗೆ ಗೋಣಿಚೀಲದ ಪಟ್ಟಿಯಲ್ಲಿ ಕೇಬಲ್ಲು ಸುತ್ತಿ, ಮೇಲೆ ಬೇವಿನೆಣ್ಣೆ ಹಚ್ಚಿ, ಮೇಜಿನ ಕಾಲಿಗೆ ಕಟ್ಟಿ ಬಂದೆ. ಮಂಗ ಒಂದು ಸಲ ಕಚ್ಚಿ ಮುಖ ಕಿವುಚಿಕೊಂಡು ಹೋಯಿತಂತೆ, ಮತ್ತೆ ಬರಲಿಲ್ಲ. ಇಂಥದ್ದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ, ಓದುವ ಎಳೆಯರು ಇಲ್ಲಿಂದಲೇ ಕಲಿಯಲಿ.

ಈಗ ಕಂಪ್ಲಿಗೆ ಬರುತ್ತೇನೆ. ಇಲ್ಲಿ ನನ್ನ ಜಂಬಕ್ಕೆ ಜಾಗವಿಲ್ಲ.

ಕಂಪ್ಲಿಯ ಕಡೆ ಒಂದು ಕಾಲುವೆ ಕಚೇರಿ. ಯಾವುದೆಂದು ಹೇಳುವುದಿಲ್ಲ, ಈಗ ಅದು ಆ ಕಟ್ಟಡದಲ್ಲೂ ಇಲ್ಲ. ರೈತರು ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಹೊಲಕ್ಕೆ ನೀರು ಬಿಟ್ಟುಕೊಳ್ಳಬೇಕೆಂಬ ಪಾಳಿ ಪಟ್ಟಿಯನ್ನು ಮೊದಲು ಕೈಯಲ್ಲಿ ಬರೆಯುತ್ತಿದ್ದರು. ಆಮೇಲೆ ಕಂಪ್ಯೂಟರು ಬಂತು. ಅದರ ಮುಂದೆ ಕೂರುವವನು ಗಾದಿಗನೂರಿನ ಹನುಮಂತಪ್ಪ. ದಿನಗೂಲಿ ಟೈಪಿಸ್ಟು, ಕಾಯಂ ಆಗುವ ಕಾಗದಕ್ಕೆ ಆರು ವರ್ಷದಿಂದ ಕಾದಿದ್ದವನು. ಬೆರಳು ಮೆತ್ತಗೆ, ಮಾತು ಇನ್ನೂ ಮೆತ್ತಗೆ.

ಕಂಪ್ಯೂಟರು ಸಾಹೇಬರ ಕೋಣೆಯಲ್ಲೇ ಇರಬೇಕಿತ್ತು, ಬಂದವರಿಗೆ ಕಾಣಬೇಕಲ್ಲ. ಆದರೆ ಪ್ರಿಂಟರಿನ ಕರ್‍ರೆನ್ನುವ ಸದ್ದು ಸಾಹೇಬರಿಗೆ ತಲೆನೋವು. "ಅದನ್ನ ಪಕ್ಕದ ರೂಮಿಗೆ ಹಾಕ್ರಿ" ಎಂದರು. ಪಕ್ಕದ ಕೋಣೆಗೆ ಇಪ್ಪತ್ತು ಅಡಿ. ಹತ್ತಡಿಯ ಮೇಲೆ ಆಗುವುದಿಲ್ಲ, ಈ ಪ್ರಿಂಟರಿಗೆ ಉದ್ದದ ತೆಳು ಕೇಬಲ್ಲೂ ಹೊಂದುವುದಿಲ್ಲ ಎಂದೆ. ಸಾಹೇಬರು ನನ್ನತ್ತ ನೋಡದೆ ಮೂರ್ತಿಯವರಿಗೆ ಫೋನು ಮಾಡಿದರು. ಮೂರ್ತಿಯವರು ನನ್ನನ್ನು ಫೋನಿಗೆ ಕರೆದು, "ನೋಡಮ್ಮಾ ವಸಂತಾ, ಹಟ ಮಾಡಬ್ಯಾಡ. ಎರಡು ಕೇಬಲ್ ಕಡಿದು ಒಂದು ಮಾಡಿ ಕೊಟ್ಟು ಬಾ" ಎಂದರು.

ಮಾಡಿಕೊಟ್ಟೆ. ಎರಡು ಕೇಬಲ್ಲು ಕತ್ತರಿಸಿ, ಒಳಗಿನ ಒಂದೊಂದು ತಂತಿಯನ್ನೂ ಬೆಸೆದು, ಕಪ್ಪು ಟೇಪು ಸುತ್ತಿ, ಬಾಗಿಲ ಕೆಳಗಿನ ಸಂದಿಯಿಂದ ಆಚೆ ದಾಟಿಸಿದೆ. ಹೊಸ್ತಿಲ ಮೇಲೆ ಸರಿಯಾಗಿ ಆ ಬೆಸುಗೆಯ ಗಂಟೇ ಬಂದು ಕೂತಿತು. ನೋಡಿದೆ. ಗೊತ್ತಾಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಹಾಗೇ ಬಿಟ್ಟೆ. ಪ್ರಿಂಟರು ಓಡಿತು. "ಸರಿ ಇದೆ" ಎಂದು ಬರೆದು ಬಂದೆ.

ನಾಲ್ಕು ತಿಂಗಳ ಮೇಲೆ ಕಾಲುವೆಯ ತೂಬಿನ ಹತ್ತಿರ ಹೊಡೆದಾಟವಾಯಿತು. ದೊಡ್ಡಬಸಪ್ಪ ಎಂಬ ರೈತನ ಪಾಳಿ ಬೆಳಿಗ್ಗೆ ಎಂಟಕ್ಕೆ ಮುಗಿಯಬೇಕು, ಪಟ್ಟಿಯಲ್ಲಿ ಒಂಬತ್ತು ಎಂದಿತ್ತು. ಪಕ್ಕದ ಹೊಲದ ಈರಣ್ಣನ ಪಾಳಿ ಎಂಟಕ್ಕೆ ಶುರು, ಅವನ ಸಾಲಿನಲ್ಲಿ ಎಂಟು ಎಂದೇ ಇತ್ತು. ಇಬ್ಬರೂ ಪಟ್ಟಿ ಹಿಡಿದೇ ಬಂದಿದ್ದರು. ಸಲಿಕೆಯ ಕಾವು ಈರಣ್ಣನ ತಲೆಗೆ ಬಿತ್ತು, ಹೊಲಿಗೆ ಹಾಕಿಸಬೇಕಾಯಿತು. ದೊಡ್ಡಬಸಪ್ಪನೂ ಹನುಮಂತಪ್ಪನೂ ದೂರದ ಬೀಗರು ಎಂದು ಯಾರೋ ನೆನಪು ಮಾಡಿಕೊಂಡರು. ಅಷ್ಟು ಸಾಕಾಯಿತು. ಬೀಗನಿಗೆ ಒಂದು ಗಂಟೆ ನೀರು ಹೆಚ್ಚು ಬರೆದುಕೊಟ್ಟಿದ್ದಾನೆ ಎಂದು ಊರೆಲ್ಲ ಮಾತು.

ಸಾಹೇಬರು ಯಂತ್ರ ನೋಡಲು ನನ್ನನ್ನು ಕರೆಸಿದರು. ಹೋದೆ. ಕೋಣೆಯ ಬಾಗಿಲು ಹಾರುಹೊಡೆದಿತ್ತು. ಹತ್ತು ಹಾಳೆ ಹೊಡೆಸಿದೆ, ಒಂದು ಅಂಕಿಯೂ ತಪ್ಪಲಿಲ್ಲ. ಬಗ್ಗಿ ಹೊಸ್ತಿಲ ಗಂಟನ್ನು ಮುಟ್ಟಿ ನೋಡಬೇಕಿತ್ತು. ನೋಡಲಿಲ್ಲ. ನಾನು ಹಾಕಿದ ಬೆಸುಗೆ ಬಿಡುವುದೆಂದರೇನು ಎಂಬ ಸೊಕ್ಕು. ಚೀಟಿಯ ಮೇಲೆ "ಕೇಬಲ್ ಸರಿ ಇದೆ" ಎಂದು ಗುಂಡಗೆ ಬರೆದು ಸಹಿ ಹಾಕಿದೆ.

ವಾರದ ಮೇಲೆ ಹನುಮಂತಪ್ಪ ಹೊಸಪೇಟೆಯ ನಮ್ಮ ಅಂಗಡಿಗೆ ಬಂದ. ಕೈಯಲ್ಲಿ ಆ ಪಾಳಿ ಪಟ್ಟಿ, ಅದಕ್ಕೆ ಆಧಾರವಾದ ಹಳೆಯ ಕೈಬರಹದ ವಹಿ.

"ಬಾರಪ್ಪಾ, ಕುಂದ್ರು" ಎಂದೆ.

ಕೂರಲಿಲ್ಲ. "ಅಕ್ಕಾರ, ನೀವು ಬರ್ದ ಚೀಟಿ ತೋರ್ಸಿ ನನ್ನ ಮನಿಗಿ ಕಳಿಸ್ಯಾರ್ರಿ. ಸೋಮವಾರ ರೈತರ ಮುಂದ ವಿಚಾರಣಿ ಐತಂತ. ಮಿಷನ್ ಸರಿ ಐತಿ ಅಂದಮ್ಯಾಲ ತಪ್ಪು ನಂದ ಅಲ್ಲೇನ್ರೀ? ನಾ ಹಂಗ ಮಾಡಿಲ್ರಿ. ಬೀಗ ಅನ್ನೋದು ಖರೇ, ಆದ್ರ ಮಾಡಿಲ್ರಿ" ಎಂದ. ಅವನು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಪಟ್ಟಿ ಮತ್ತು ವಹಿ ಎರಡನ್ನೂ ಮೇಜಿನ ಮೇಲೆ ಹಾಸಿ, ಕೆಂಪು ಪೆನ್ಸಿಲ್ ಹಿಡಿದು ಸಾಲು ಸಾಲು ಹೋಲಿಸಿದೆ. ಸುಮಾರು ಇಪ್ಪತ್ತು ಕಡೆ ತಪ್ಪಿತ್ತು. ನಾಲ್ಕು ಇದ್ದಲ್ಲಿ ಐದು. ಎಂಟು ಇದ್ದಲ್ಲಿ ಒಂಬತ್ತು. ಎರಡು ಇದ್ದಲ್ಲಿ ಮೂರು. ಇಂಗ್ಲಿಷಿನಲ್ಲಿ ಕಂಪ್ಲಿ ಎಂದು ಬರೆದ ಕಡೆ ಒಂದು ಸಾಲಿನಲ್ಲಿ ಪಿ ಹೋಗಿ ಅದರ ಮುಂದಿನ ಕ್ಯೂ ಬಂದಿತ್ತು. ಎಲ್ಲವೂ ಒಂದೇ ಮೆಟ್ಟಿಲು ಮೇಲೆ. ಮತ್ತೊಮ್ಮೆ ನೋಡಿದೆ. ತಪ್ಪಿದ್ದೆಲ್ಲ ಸರಿಸಂಖ್ಯೆಗಳೇ. ಬೆಸಸಂಖ್ಯೆ ಒಂದೂ ತಪ್ಪಿರಲಿಲ್ಲ. ಸರಿ ಇದ್ದದ್ದು ತಪ್ಪಾಗಿ, ಬೆಸ ಇದ್ದದ್ದು ಸರಿಯಾಗಿ ಕೂತಿತ್ತು. ಬೀಗನಿಗಾಗಿ ಸುಳ್ಳು ಬರೆಯುವ ಮನುಷ್ಯ ಬೆಸಸಂಖ್ಯೆಗಳನ್ನು ಬಿಟ್ಟು ಬರೆಯುತ್ತಾನೆಯೇ?

ಹೊಸ್ತಿಲ ಮೇಲಿನ ಆ ಗಂಟು ನೆನಪಾಯಿತು.

"ಈ ಪಟ್ಟಿ ಹೊಡಿಯೋವಾಗ ಬಾಗಿಲ ಹೆಂಗಿತ್ತು?" ಎಂದು ಕೇಳಿದೆ.

"ಹಾಕಿತ್ರಿ. ಸಾಹೇಬ್ರು ಒಳಗಿದ್ರ ಸದ್ದು ಬ್ಯಾಡ ಅಂತ ಬಾಗಿಲ ಹಾಕಸ್ತಾರ್ರಿ."

ಮೂರ್ತಿಯವರಿಗೆ ವಿಷಯ ಹೇಳಿದೆ. ಅವರ ಮುಖ ಸಣ್ಣದಾಯಿತು. "ತಂತಿ ಕಡಿದಿರಬಹುದು, ನಾ ಇಲ್ಲ ಅನ್ನಲ್ಲ. ಆದ್ರ ಒಮ್ಮೆ ಸರಿ ಅಂತ ಬರದು ಸಹಿ ಹಾಕೀದಿ. ಈಗ ತಪ್ಪು ಅಂದ್ರ ಯಾವ ಕಚೇರಿಯವರು ನಮ್ಮನ್ನ ಕರೀತಾರ? ಅವ ದಿನಗೂಲಿಯವ, ಎಲ್ಲಾದ್ರೂ ಇನ್ನೊಂದು ಕೆಲಸ ನೋಡ್ಕೋತಾನ. ನೀ ಸುಮ್ಮನಿರು."

"ಅವಂಗ ಇನ್ನೊಂದು ಕೆಲಸ ಸಿಗಬಹುದು ಸರ್. ಕಳ್ಳ ಅನ್ನೋ ಹೆಸರು ಹೋಗೂದು ಹೆಂಗ?" ಎಂದೆ.

ಸೋಮವಾರ ನಾನು ರಜೆ ಬರೆದಿಟ್ಟು ಕಂಪ್ಲಿಯ ಬಸ್ಸು ಹತ್ತಿದೆ.

ಕಚೇರಿಯಲ್ಲಿ ಇಪ್ಪತ್ತು ಮೂವತ್ತು ರೈತರು ಸೇರಿದ್ದರು. ತಲೆಗೆ ಪಟ್ಟಿ ಕಟ್ಟಿಕೊಂಡ ಈರಣ್ಣ ಮುಂದೆ, ಗೋಡೆಯ ಹತ್ತಿರ ಹನುಮಂತಪ್ಪ. ಸಾಹೇಬರು ನನ್ನ ಚೀಟಿಯನ್ನು ಎತ್ತಿ ಹಿಡಿದು, "ಇದನ್ನ ಬರ್ದ ಮೇಡಮ್ಮೇ ಬಂದಾರ. ಕೇಬಲ್ ಸರಿ ಐತಿ ಅಂತ ನಿಮ್ಮ ಮುಂದನ ಹೇಳತಾರ, ಕೇಳ್ರಿ" ಎಂದರು.

"ಅದು ತಪ್ಪು ಚೀಟಿ" ಎಂದೆ. "ಬರದಾಕೀನೂ ನಾನ, ತಪ್ಪು ಅನ್ನಾಕೀನೂ ನಾನ. ಒಂದು ಐದು ನಿಮಿಷ ಕೊಡ್ರಿ."

ಹನುಮಂತಪ್ಪನನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ಹಾಳೆಯ ತುಂಬ ನಾಲ್ಕು, ನಾಲ್ಕು, ನಾಲ್ಕು ಎಂದು ಟೈಪು ಮಾಡಿಸಿದೆ. ಬಾಗಿಲು ತೆರೆದಿತ್ತು. ಪಕ್ಕದ ಕೋಣೆಯಿಂದ ಹಾಳೆ ಹರಿದು ತಂದು ಈರಣ್ಣನ ಕೈಗೆ ಕೊಟ್ಟೆ. ಬರೀ ನಾಲ್ಕು.

"ಈಗ ಸಾಹೇಬ್ರ, ದಿನಾ ಹಾಕ್ಸೋ ಹಂಗ ಆ ಬಾಗಿಲ ನೀವ ಹಾಕ್ರಿ" ಎಂದೆ.

ಅವರು ಕದಲಲಿಲ್ಲ. ರೈತರು ಅವರನ್ನೇ ನೋಡಿದರು. ಕೊನೆಗೆ ಎದ್ದು ಬಾಗಿಲು ಹಾಕಿದರು. ಅದೇ ಹಾಳೆ ಮತ್ತೆ ಹೊಡೆಯಿತು. ಪ್ರಿಂಟರಿನ ಕೋಣೆಯಲ್ಲಿ ನಿಂತಿದ್ದ ದೊಡ್ಡಬಸಪ್ಪ ಹಾಳೆ ಹಿಡಿದುಕೊಂಡು ಬಂದು ಗಟ್ಟಿಯಾಗಿ ಓದಿದ: "ನಾಕು, ನಾಕು, ಐದು, ನಾಕು, ಐದು, ಐದು... ಲೇ ಈರಣ್ಣಾ, ಇಲ್ಲಿ ನೋಡಲೇ!" ಆಮೇಲೆ ಹಾಳೆಯ ತುಂಬ ಐದು ಟೈಪು ಮಾಡಿಸಿದೆ. ಬಾಗಿಲು ಹಾಕಿದರೂ ತೆಗೆದರೂ ಐದು ಐದಾಗಿಯೇ ಉಳಿಯಿತು.

"ಇದರ ಒಳಗ ಅಕ್ಷರ ಅಂಕಿ ಒಯ್ಯೋ ತಂತಿ ಎಂಟು ಅದಾವ, ನಿಮ್ಮ ಕಾಲುವಿ ಎಂಟು ತೂಬು ಅಂತ ತಿಳ್ಕೊಳ್ರಿ" ಎಂದೆ. "ಎಲ್ಲಕ್ಕಿಂತ ಸಣ್ಣ ತೂಬಿನಾಗ ಬರೋದು ಒಂದು ಪಾಲು. ಬೆಸಕ್ಕ ಆ ತೂಬು ತೆಗದಿರಬೇಕು, ಸರಿಸಂಖ್ಯೆಗೆ ಮುಚ್ಚಿರಬೇಕು. ಬಾಗಿಲ ಒತ್ತಿದಾಗ ಆ ಸಣ್ಣ ತಂತಿ ಬಿಡತೈತಿ. ಬಿಟ್ರ ಪ್ರಿಂಟರ್ ತೂಬು ತೆಗದೈತಿ ಅಂತ ತಿಳಿತೈತಿ, ಮ್ಯಾಲ ಒಂದು ಕೂಡ್ಸತೈತಿ."

ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನು ತಿಳಿಸಲು ಒಂದು ವಾರ ಬೇಕು. ಆ ರೈತರಿಗೆ ಅರ್ಧ ನಿಮಿಷ ಸಾಕಾಯಿತು. ಈರಣ್ಣ ಹೊಸ್ತಿಲ ಹತ್ತಿರ ಬಗ್ಗಿ, ಟೇಪು ಸುತ್ತಿದ ಗಂಟನ್ನು ಬೆರಳಿನಿಂದ ಒತ್ತಿ ನೋಡಿ, "ಈ ಗಂಟು ಹಾಕಿದೋರು ಯಾರ್ರಿ?" ಎಂದ.

"ನಾನು" ಎಂದೆ.

ಅವನು ಎದ್ದು ನಿಂತ. ಅವನ ತಲೆಯ ಪಟ್ಟಿ ನನ್ನ ಕಣ್ಣ ಮಟ್ಟದಲ್ಲೇ ಇತ್ತು. ಕೈಮುಗಿದೆ. ಅವನು ಪಟ್ಟಿ ಮುಟ್ಟಿಕೊಂಡು, "ಹೊಡದಾಂವ ಅವ, ಗಂಟು ಹಾಕಿದಾಕಿ ನೀನು, ಬಡಿಸ್ಕೊಂಡಾಂವ ನಾನು. ಈ ಹನುಮಂತಪ್ಪಂದು ಏನೈತಿ ಇದ್ರಾಗ?" ಎಂದ. ಆ ಸಭೆಯಲ್ಲಿ ಆಡಿದ ಮಾತುಗಳಲ್ಲೆಲ್ಲ ಅದೇ ತೂಕದ ಮಾತು.

ಜನ ಚದುರಿದ ಮೇಲೆ ಸಾಹೇಬರು, "ಆತು ಬಿಡ್ರಿ, ಎಲ್ಲರಿಗೂ ತಿಳೀತಲ್ಲ. ಅವ ನಾಳೆಯಿಂದ ಬರಲಿ. ಕಾಗದ ಗೀಗದ ಬ್ಯಾಡ" ಎಂದರು. ಕಾಗದವಾದರೆ ಇಪ್ಪತ್ತು ಅಡಿ ಎಳೆಯಲು ಹೇಳಿದವರ ಹೆಸರೂ ಬರುತ್ತದೆ, ಓದದೆ ಪಟ್ಟಿಗೆ ಸಹಿ ಹಾಕಿದವರ ಹೆಸರೂ ಬರುತ್ತದೆ. "ಅವನನ್ನ ಮನಿಗೆ ಕಳಿಸಿದ್ದು ಕಾಗದದಾಗ ಐತ್ರಿ. ಕರಕೊಳ್ಳೋದೂ ಕಾಗದದಾಗನ ಆಗಬೇಕು" ಎಂದೆ.

ಇದರ ಫಲ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಹನುಮಂತಪ್ಪನನ್ನು ಕಾಗದದ ಮೇಲೆಯೇ ವಾಪಸು ಕರೆದುಕೊಂಡರು. ಆದರೆ ಆ ಕಚೇರಿ ನಮ್ಮ ಅಂಗಡಿಯನ್ನು ಬಿಟ್ಟಿತು. ಮೂರ್ತಿಯವರು ಎರಡು ವರ್ಷ ನನ್ನನ್ನು ಹೊರಗಿನ ಕೆಲಸಕ್ಕೆ ಕಳಿಸದೆ, ಮೂಲೆಯ ಮೇಜಿನಲ್ಲಿ ಬೆಸುಗೆ ಹಾಕಲು ಕೂರಿಸಿದರು. ನನಗಿಂತ ಹಿಂದೆ ಬಂದವರು ಮುಂದೆ ಹೋದರು. ಹೋಗಲಿ. ಅಂದಿನಿಂದ ನಾನು ಯಾರ ಮಾತಿಗೂ ಹತ್ತಡಿ ದಾಟಲಿಲ್ಲ, ಕಣ್ಣಾರೆ ನೋಡದೆ, ಬಗ್ಗಿ ಮುಟ್ಟದೆ ಯಾವ ಚೀಟಿಯ ಮೇಲೂ "ಸರಿ" ಎಂದು ಬರೆಯಲಿಲ್ಲ. ಆಮೇಲೆ ಚಪ್ಪಟೆ ತುದಿಯ ಸಣ್ಣ ಕೇಬಲ್ಲು ಬಂತು, ಗಂಡುಹೆಣ್ಣಿನ ಗೊಂದಲ ಕಡಿಮೆಯಾಯಿತು. ಈಗ ಗಾಳಿಯಲ್ಲೇ ಎಲ್ಲ ಹೋಗುತ್ತದೆ, ತಪ್ಪೂ ಗಾಳಿಯಲ್ಲೇ ಹೋಗುತ್ತದೆ. ಏನಾದರೂ ಕೆಟ್ಟರೆ "ಸಿಸ್ಟಮ್ ಪ್ರಾಬ್ಲಮ್" ಎನ್ನುತ್ತಾರೆ. ಆ ಸಿಸ್ಟಮ್ಮನ್ನು ಗಂಟು ಹಾಕಿದವರು ಯಾರು ಎಂದು ಕೇಳುವ ಈರಣ್ಣ ಒಬ್ಬ ಬೇಕು. ನನ್ನ ಕಾಲ ಸುಲಭವಿತ್ತು ಎಂದ ಆ ಇಂಜಿನಿಯರಿಗೆ ನಾನು ಹೇಳಬೇಕಾದದ್ದು ಇಷ್ಟೇ.

ಆ ಸೋಮವಾರ ನಾನು ಹೊಸ್ತಿಲ ಗಂಟಿನ ಕೇಬಲ್ಲು ಕಿತ್ತು ಚೀಲಕ್ಕೆ ಹಾಕಿಕೊಂಡೆ. ಪ್ರಿಂಟರನ್ನು ಎತ್ತಿ ತಂದು ಸಾಹೇಬರ ಮೇಜಿನ ಎದುರಿಗೇ ಇಟ್ಟು, ಆರಡಿಯ ಹೊಸ ಕೇಬಲ್ಲು ಸಿಕ್ಕಿಸಿದೆ. ಆ ಕಾಗದಕ್ಕೆ ಬೇಕಾದ ವರದಿಯನ್ನು ಟೈಪು ಮಾಡಲು ಗೊತ್ತಿದ್ದವನು ಆ ಕಚೇರಿಯಲ್ಲಿ ಒಬ್ಬನೇ. ಹನುಮಂತಪ್ಪನೇ ಕೂತ. ನಾನು ಹೇಳುತ್ತ ಹೋದೆ, ಅವನು ಇಂಗ್ಲಿಷಿನಲ್ಲಿ ಬಡಿಯುತ್ತ ಹೋದ. ಕೇಬಲ್ಲನ್ನು ನಿಯಮ ಮೀರಿ ಉದ್ದ ಮಾಡಲಾಗಿತ್ತು, ಮಾಡಲು ಹೇಳಿದವರು ಕಚೇರಿಯ ಸಾಹೇಬರು, ಪಟ್ಟಿಯಲ್ಲಿ ಬಂದ ತಪ್ಪಿಗೆ ಟೈಪಿಸ್ಟು ಕಾರಣನಲ್ಲ. ಕೊನೆಯ ಸಾಲಿಗೆ ಬಂದಾಗ ಅವನ ಬೆರಳು ನಿಂತಿತು.

"ಅಕ್ಕಾರ, ಗಂಟು ಹಾಕಿದೋರ ಹೆಸರು ಬಿಡಾಣೇನ್ರೀ? ಮೆಕ್ಯಾನಿಕ್ ಅಂತಷ್ಟ ಹಾಕಿದ್ರ ಸಾಕಲ್ರಿ. ನಿಮ್ಮ ನೌಕರಿ ಐತಿ."

"ಹಾಕು" ಎಂದೆ. "ದೊಡ್ಡ ಅಕ್ಷರದಾಗ ಹಾಕು."

ಅವನು ಹಾಕಿದ. ಪ್ರಿಂಟರು ಕರ್‍ರೆಂದು ಸಾಹೇಬರ ಕಿವಿಯ ಪಕ್ಕದಲ್ಲೇ ಹೊಡೆಯಿತು. ಹಾಳೆ ಹರಿದು ಕಿಟಕಿಯ ಬೆಳಕಿಗೆ ಹಿಡಿದೆ. ತಪ್ಪು ಮಾಡಿದವರು ಎಂಬುದರ ಎದುರಿಗೆ ನನ್ನ ಹೆಸರು, ಒಂದೊಂದೇ ಅಕ್ಷರ ಓದಿದೆ. ಎಲ್ಲ ಸರಿ ಇತ್ತು.